ಒಂದು ಇರುಳಿನ ಋಣ: ‘ದೆರ್ಸು ಉಜಾಲಾ’ದ ಕಥನ, ದಿನಚರಿ ಮತ್ತು ಚಲನಚಿತ್ರ

ಕಾಡಿನಲ್ಲಿ ಸಿಕ್ಕಿಕೊಂಡ ನಾಗರಿಕನೊಬ್ಬನನ್ನು ಕಾಡಿನ ಹಿರಿಯನೊಬ್ಬ ಬದುಕಿಸುವ ಕಥೆಗಳು ಜಗತ್ತಿನ ಸಾಹಿತ್ಯದಲ್ಲಿ ಹೇರಳವಾಗಿವೆ. ಇಂಥ ಕೃತಿಗಳನ್ನು ಸಾಹಸಕಥನವೆಂಬ ಹಣೆಪಟ್ಟಿಯಡಿ ಇರಿಸಿ, ಕಿಶೋರರ ಓದಿಗೆ ಬಿಟ್ಟುಕೊಟ್ಟು ವಿಮರ್ಶೆಯು ಮುಂದಕ್ಕೆ ಸಾಗುವುದೇ ವಾಡಿಕೆ. ರಷ್ಯನ್ ಲೇಖಕ ವ್ಲಾದಿಮಿರ್ ಅರ್ಸೇನ್ಯೆವ್‌ನ (1872–1930) ‘ದೆರ್ಸು ಉಜಾಲಾ’ ಈ ವಾಡಿಕೆಗೆ ಒಗ್ಗದ ಕೃತಿ. ಅದು ಏಕಕಾಲಕ್ಕೆ ಪ್ರವಾಸಕಥನ, ಭೂಗೋಳಶಾಸ್ತ್ರದ ದಾಖಲೆ, ಜನಾಂಗ ಅಧ್ಯಯನ ಮತ್ತು ಸ್ಮರಣೆ. ಲೇಖಕನೇ ಕ್ಷೇತ್ರಕಾರ್ಯದಲ್ಲಿ ಬರೆದಿಟ್ಟುಕೊಂಡ ದಿನಚರಿಗೂ ಅನಂತರ ಅವನೇ ಪ್ರಕಟಿಸಿದ ಗ್ರಂಥಕ್ಕೂ ನಡುವೆ ಒಂದು ಮುಖ್ಯ ವ್ಯತ್ಯಾಸವಿದೆ. ಆ ವ್ಯತ್ಯಾಸವು ಗ್ರಂಥದ ಅತ್ಯಂತ ಪ್ರಸಿದ್ಧವಾದ ಘಟನೆಯನ್ನೇ ಪ್ರಶ್ನೆಗೆ ಒಡ್ಡುತ್ತದೆ. ಈ ವ್ಯತ್ಯಾಸದ ಸ್ವರೂಪವನ್ನೂ ಅದರ ಅರ್ಥವನ್ನೂ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಅರ್ಸೇನ್ಯೆವ್ ಹುಟ್ಟಿದ್ದು ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ. ವೃತ್ತಿಯಿಂದ ಅವನು ಸೇನಾಧಿಕಾರಿ. 1900ರಲ್ಲಿ ರಷ್ಯಾದ ಪೂರ್ವದ ಅಂಚಾದ ವ್ಲಾದಿವೊಸ್ತೋಕ್‌ಗೆ ಬಂದ ಅವನು ಮುಂದೆ ಉಸ್ಸೂರಿ ನದಿಯ ಸೀಮೆ ಮತ್ತು ಸಿಖೋತೆ-ಅಲೀನ್ ಪರ್ವತಶ್ರೇಣಿಯ ಮೋಜಣಿಯಲ್ಲಿ ತೊಡಗಿದ. 1906, 1907 ಮತ್ತು 1908–10ರ ಅವನ ಶೋಧಯಾತ್ರೆಗಳು ಆ ಪ್ರದೇಶದ ನಕ್ಷೆಯನ್ನೇ ಬದಲಿಸಿದವು. ಈ ಅನುಭವಗಳನ್ನು ಆಧರಿಸಿದ ಎರಡು ಗ್ರಂಥಗಳು ವ್ಲಾದಿವೊಸ್ತೋಕ್‌ನಲ್ಲಿಯೇ ಅಚ್ಚಾದವು: ಉಸ್ಸೂರಿ ಸೀಮೆಯ ಪ್ರವಾಸವನ್ನು ಕುರಿತ ಮೊದಲನೆಯದು 1921ರಲ್ಲಿ, ‘ದೆರ್ಸು ಉಜಾಲಾ’ 1923ರಲ್ಲಿ. 1928ರ ಪತ್ರವೊಂದರಲ್ಲಿ ಮ್ಯಾಕ್ಸಿಂ ಗಾರ್ಕಿಯು ಈ ಲೇಖಕನಲ್ಲಿ ಜರ್ಮನಿಯ ಪ್ರಾಣಿಶಾಸ್ತ್ರಜ್ಞ ಬ್ರೆಮ್ ಹಾಗೂ ಅಮೆರಿಕದ ಕಾದಂಬರಿಕಾರ ಫೆನಿಮೋರ್ ಕೂಪರ್ ಇಬ್ಬರೂ ಕೂಡಿದ್ದಾರೆಂದು ಮೆಚ್ಚಿಕೊಂಡ. ಒಬ್ಬ ವಿಜ್ಞಾನಿ, ಇನ್ನೊಬ್ಬ ಕಥೆಗಾರ. ಮೆಚ್ಚುಗೆಯಾಗಿ ಬಂದ ಈ ಮಾತಿನಲ್ಲಿ ಕೃತಿಯ ಸಮಸ್ಯೆಯೂ ಅಡಗಿರುವುದು ಗಮನಾರ್ಹ.

1

ಎರಡೂ ಗ್ರಂಥಗಳ ಕೇಂದ್ರದಲ್ಲಿರುವ ದೆರ್ಸು, ಆಮೂರ್ ಮತ್ತು ಉಸ್ಸೂರಿ ನದಿಗಳ ಬಯಲಿನ ನಾನಾಯ್ ಬುಡಕಟ್ಟಿಗೆ ಸೇರಿದವನು. ಆ ಕಾಲದ ರಷ್ಯನ್ನರು ಈ ಜನರನ್ನು ಗೋಲ್ಡ್ ಎಂದು ಕರೆಯುತ್ತಿದ್ದರು. ಗ್ರಂಥವು ಹೇಳುವಂತೆ ಅವನ ವಯಸ್ಸು 53. ಎಂದರೆ ನಿರೂಪಕನಿಗಿಂತ ಸುಮಾರು ಇಪ್ಪತ್ತು ವರ್ಷ ಹಿರಿಯ. ಹೆಂಡತಿ ಮತ್ತು ಮಕ್ಕಳು ಸಿಡುಬಿಗೆ ಬಲಿಯಾದ ಮೇಲೆ ಅವನಿಗೆ ಮನೆಯೆಂಬುದಿಲ್ಲ. ಒಂದು ಹಳೆಯ ಕೋವಿ, ಬೆನ್ನಿನ ಗಂಟು, ಕವಲುಗೋಲು, ಇಷ್ಟೇ ಅವನ ಸಂಸಾರ. ಇತ್ತ ನಿರೂಪಕನು ಪ್ರಭುತ್ವದ ಸಮವಸ್ತ್ರ ತೊಟ್ಟವನು. ಸೈನಿಕರು, ಉಪಕರಣಗಳು, ಆಜ್ಞಾಪತ್ರಗಳು ಅವನ ಬೆನ್ನಿಗಿವೆ. ವಯಸ್ಸು, ಭಾಷೆ, ಅಧಿಕಾರ, ಲೋಕದೃಷ್ಟಿ ಯಾವುದರಲ್ಲಿಯೂ ಈ ಇಬ್ಬರಿಗೆ ಸಮಾನ ನೆಲೆಯಿಲ್ಲ. ಇಂಥ ಇಬ್ಬರ ನಡುವೆ ಸ್ನೇಹ ಹುಟ್ಟಬೇಕಾದರೆ ಅದಕ್ಕೊಂದು ಬಲವಾದ ನಿಮಿತ್ತ ಬೇಕು. ಗ್ರಂಥದಲ್ಲಿ ಆ ನಿಮಿತ್ತವನ್ನು ಒದಗಿಸುವುದು ಹನ್ಕಾ ಸರೋವರದ ಇರುಳು.

ರಷ್ಯಾ ಮತ್ತು ಚೀನಾಗಳ ಗಡಿಯ ಮೇಲಿರುವ ಹನ್ಕಾ ಸುಮಾರು 4000 ಚದರ ಕಿಲೋಮೀಟರ್ ವಿಸ್ತಾರದ, ಆದರೆ ಆಳವಿಲ್ಲದ ಸರೋವರ. ಅದರ ಅಂಚಿನಲ್ಲಿ ಮೈಲುಗಟ್ಟಲೆ ಜೌಗು ಮತ್ತು ಜೊಂಡು. ಮರವಿಲ್ಲ, ಗುಡ್ಡವಿಲ್ಲ; ಗಾಳಿಯನ್ನು ತಡೆಯುವ ಯಾವುದೂ ಇಲ್ಲ. 1902ರಲ್ಲಿ, ಚಳಿಗಾಲ ಕಾಲಿಡುವ ಹೊತ್ತಿಗೆ, ನಿರೂಪಕ ಮತ್ತು ದೆರ್ಸು ಇಬ್ಬರೇ ಈ ಬಯಲಿಗೆ ಬರುತ್ತಾರೆ. ಹವೆ ಕೆಡುತ್ತಿರುವುದನ್ನು ದೆರ್ಸು ಮುಂಚಿತವಾಗಿಯೇ ಅರಿತು ಎಚ್ಚರಿಸುತ್ತಾನೆ. ಅಷ್ಟರಲ್ಲಿ ದಾರಿ ತಪ್ಪಿರುತ್ತದೆ, ಹಿಮಗಾಳಿ ಎದ್ದಿರುತ್ತದೆ. ಸೌದೆಯಿಲ್ಲದ ಆ ಬಯಲಿನಲ್ಲಿ ಬೆಂಕಿಯ ಮಾತೇ ಇಲ್ಲ. ಆಗ ದೆರ್ಸುವಿಗೆ ಹೊಳೆಯುವ ಉಪಾಯವೊಂದೇ: ಹುಲ್ಲು ಕೊಯ್ಯುವುದು. ಇಬ್ಬರೂ ಕೈಗೆ ಸಿಕ್ಕಷ್ಟನ್ನು ಕೊಯ್ಯುತ್ತಾ ಹೋಗುತ್ತಾರೆ. ಏಕೆ ಕೊಯ್ಯಬೇಕೆಂಬುದು ನಿರೂಪಕನಿಗೆ ತಿಳಿಯದು. ತಿಳಿಯುವ ಮುನ್ನವೇ ಚಳಿಗೆ ಅವನ ಪ್ರಜ್ಞೆ ಕುಂದುತ್ತದೆ. ಅವನನ್ನು ನೆಲದ ಮೇಲೆ ಮಲಗಿಸಿ, ಮೇಲೆ ಬಟ್ಟೆ ಮುಚ್ಚಿ, ಅದರ ಮೇಲೆ ಹುಲ್ಲಿನ ರಾಶಿಯನ್ನು ಹೇರಿ, ದೆರ್ಸು ತಾನೂ ಅದರೊಳಗೆ ನುಸುಳುತ್ತಾನೆ. ಎಚ್ಚರವಾದಾಗ ಗಾಳಿ ನಿಂತಿರುತ್ತದೆ.

ಇದರಲ್ಲಿ ಪವಾಡವೇನೂ ಇಲ್ಲ. ಒಣಹುಲ್ಲಿನ ಕಡ್ಡಿಗಳ ನಡುವೆ ಸಿಕ್ಕಿಕೊಂಡ ಗಾಳಿ ಅಲುಗಾಡುವುದಿಲ್ಲ. ಅಲುಗಾಡದ ಗಾಳಿಯು ಮೈಯ ಬಿಸಿಯನ್ನು ಹೊರಕ್ಕೆ ಬಿಡದು. ಹುಲ್ಲಿನ ಮೇಲೆ ಬಿದ್ದ ಹಿಮವೂ ಮೊದಲು ವೈರಿಯಾಗಿದ್ದುದು ಆಮೇಲೆ ಹೊದಿಕೆಯಾಗುತ್ತದೆ. ಸಾಹಸಕಥನದ ಸಾಮಾನ್ಯ ನಾಯಕ ನಿಸರ್ಗದ ಎದುರು ತೋಳೇರಿಸಿ ನಿಲ್ಲುತ್ತಾನೆ. ದೆರ್ಸು ಇಲ್ಲಿ ಮಾಡುವ ಕೆಲಸವಾದರೋ ಒಕ್ಕಲುತನದ ಕೆಲಸ, ಬಾಗಿ ಹುಲ್ಲು ಕೊಯ್ಯುವ ಕೆಲಸ. ಅವನ ಜ್ಞಾನವು ದೇಹಬಲದಲ್ಲಿಲ್ಲ. ಸೂರ್ಯ ಮುಳುಗುವ ಮುನ್ನ ಎಷ್ಟು ಹುಲ್ಲು ಬೇಕು ಎಂಬ ಅಂದಾಜಿನಲ್ಲಿದೆ.

2

ಈ ಇರುಳಿನ ಪ್ರಸಂಗವೇ ಇಡೀ ಕೃತಿಯ ಆಧಾರಸ್ತಂಭ. ಮುಂದೆ ದೆರ್ಸುವಿನ ದೃಷ್ಟಿ ಮಂದವಾದಾಗ ನಿರೂಪಕನು ಅವನಿಗೆ ತನ್ನ ಮನೆಯ ಬಾಗಿಲು ತೆರೆಯುವುದು ಜೀವ ಉಳಿಸಿದ ಋಣವನ್ನು ನೆನೆದೇ. ಆದರೆ ಅರ್ಸೇನ್ಯೆವ್‌ನ ದಿನಚರಿಗಳು ಬೇರೊಂದು ಸಂಗತಿಯನ್ನು ಹೇಳುತ್ತವೆ. ಅವುಗಳ ಪ್ರಕಾರ ದೆರ್ಸುವಿನ ಮೊದಲ ಭೇಟಿಯಾದದ್ದು 1906ರ ಆಗಸ್ಟ್‌ನಲ್ಲಿ, ಆಗ ತಾದುಶಿ ಎಂದು ಕರೆಯಲಾಗುತ್ತಿದ್ದ ನದಿಯ ಸೀಮೆಯಲ್ಲಿ. ದಿನಚರಿಯ ಮನುಷ್ಯನ ಕುಲನಾಮವೂ ಉಜಾಲಾ ಅಲ್ಲ, ಓಜಾಲ್. 1908ರ ಮಾರ್ಚ್‌ನಲ್ಲಿ ಅವನು ಕೊಲೆಯಾದ. ಎಂದರೆ ಇವರಿಬ್ಬರ ಒಡನಾಟದ ಒಟ್ಟು ಅವಧಿ ಎರಡು ವರ್ಷಕ್ಕೂ ಕಡಿಮೆ. 1902ರಲ್ಲಿ ಅರ್ಸೇನ್ಯೆವ್ ಹನ್ಕಾ ಸೀಮೆಯಲ್ಲಿ ಸಂಚರಿಸಿದ್ದು ನಿಜ. ಆದರೆ ಆ ಸಂಚಾರದಲ್ಲಿ ದೆರ್ಸು ಜೊತೆಗಿರಲು ಸಾಧ್ಯವಿರಲಿಲ್ಲ.

ಈ ಸಂಗತಿಯನ್ನು ಎರಡು ಬಗೆಯಲ್ಲಿ ನೋಡಬಹುದು. ಒಂದು, ಇದು ಸುಳ್ಳು. ಅಕ್ಷಾಂಶ ರೇಖಾಂಶಗಳಲ್ಲಿ ಕೂದಲೆಳೆಯಷ್ಟೂ ತಪ್ಪಲು ಒಪ್ಪದ ಮೋಜಣಿದಾರನೊಬ್ಬ, ಮನುಷ್ಯನ ವಿಷಯಕ್ಕೆ ಬಂದಾಗ ನಾಲ್ಕು ವರ್ಷಗಳನ್ನು ಸಲೀಸಾಗಿ ಹಿಂದಕ್ಕೆ ಸರಿಸಿದ್ದಾನೆ. ಗ್ರಂಥವನ್ನು ಜನಾಂಗ ಅಧ್ಯಯನದ ಆಕರವೆಂದು ಬಳಸುವವರಿಗೆ ಇದು ಗಂಭೀರವಾದ ದೋಷವೇ. ಅದನ್ನು ಸಾಹಿತ್ಯದ ಹೆಸರಿನಲ್ಲಿ ಮನ್ನಿಸಲಾಗದು. ಎರಡನೆಯದು, ಇದು ರಚನೆ. ದೆರ್ಸು ಎಂಬ ಪಾತ್ರದೊಳಗೆ ಹಲವು ಬೇಟೆಗಾರರ, ಹಲವು ದಾರಿಗರ ನೆನಪುಗಳು ಸೇರಿವೆ. ನಿಜವಾದ ಒಬ್ಬ ಮನುಷ್ಯನ ಹೆಸರು ಅವೆಲ್ಲಕ್ಕೂ ಒಡಲಾಗಿದೆ. ಈ ಎರಡನೆಯ ವಾದವೇ ಹೆಚ್ಚು ಸಮಂಜಸ. ಆದರೆ ಅದು ಅಲ್ಲಿಗೇ ನಿಂತರೆ ಅಪೂರ್ಣ. ಏಕೆ ನಾಲ್ಕು ವರ್ಷ ಹಿಂದಕ್ಕೆ ಎಂಬ ಪ್ರಶ್ನೆ ಉಳಿಯುತ್ತದೆ.

ಉತ್ತರವು ಕೃತಿಯ ಕೊನೆಯಲ್ಲಿ ಸಿಗುತ್ತದೆ. ದೆರ್ಸುವಿನ ಸಾವಿನಲ್ಲಿ ನಿರೂಪಕನ ಪಾಲೂ ಇದೆ. ಅವನನ್ನು ಕಾಡಿನಿಂದ ಪಟ್ಟಣಕ್ಕೆ ಕರೆತಂದವನು ಅವನೇ. ಪಟ್ಟಣ ಸರಿಬೀಳದೆ ಹೊರಟವನನ್ನು ಉಳಿಸಿಕೊಳ್ಳಲಾಗದವನೂ ಅವನೇ. ಬರಿಯ ಎರಡು ವರ್ಷದ ಮಾರ್ಗದರ್ಶಕನೊಬ್ಬನಾಗಿದ್ದರೆ ಈ ಸಾವು ಒಂದು ವಿಷಾದದ ಸಂಗತಿಯಾಗಿ ಮುಗಿಯುತ್ತಿತ್ತು. 1902ರ ಇರುಳನ್ನು ಮೊದಲಿಗೆ ಇರಿಸಿದ್ದರಿಂದ ಅದು ತೀರಿಸಲಾಗದ ಋಣವಾಗುತ್ತದೆ. ಪರಿಚಯ, ಅಗಲಿಕೆ, ಮರುಭೇಟಿ ಎಂಬ ಕ್ರಮವೂ ಇದರಿಂದಲೇ ಸಾಧ್ಯವಾಗುತ್ತದೆ. ನಡುವಿನ ವರ್ಷಗಳಲ್ಲಿ ಕಿರಿಯನು ಅನುಭವಿಯಾಗುತ್ತಾನೆ, ಹಿರಿಯನು ಮುದುಕನಾಗುತ್ತಾನೆ. ತಲೆಮಾರುಗಳ ನಡುವಿನ ಅಂತರವು ಕಣ್ಣಿಗೆ ಕಾಣಬೇಕಾದರೆ ಕಾಲ ಸರಿಯಬೇಕು. ಜೀವನವು ಒದಗಿಸದ ಆ ಕಾಲವನ್ನು ಗ್ರಂಥವು ಒದಗಿಸಿದೆ. ಬದುಕುಳಿದವನು, ಉಳಿಸಿದವನ ಮರಣಾನಂತರ, ತನ್ನ ಸಾಲದ ಪತ್ರವನ್ನು ಹಿಂದಿನ ದಿನಾಂಕ ಹಾಕಿ ಬರೆದುಕೊಟ್ಟಂತೆ ಇದು.

ಇಲ್ಲೊಂದು ಮಾತು ಪ್ರಾಸಂಗಿಕ. ಕ್ಷೇತ್ರಕಾರ್ಯವನ್ನು ಆಧರಿಸಿದ ನಮ್ಮ ಸಂಶೋಧನ ಪ್ರಬಂಧಗಳಲ್ಲಿ ವಕ್ತೃವಿನ ಸ್ಥಾನ ಸಾಮಾನ್ಯವಾಗಿ ಅನುಬಂಧದಲ್ಲಿ: ಹೆಸರು, ವಯಸ್ಸು, ಊರು, ಧ್ವನಿಮುದ್ರಣದ ದಿನಾಂಕ. ವಕ್ತೃವಿನಿಂದ ಸಂಶೋಧಕನು ಪಡೆದದ್ದಕ್ಕೆ ಲೆಕ್ಕವಿದೆ, ಸಂಶೋಧಕನಿಂದ ವಕ್ತೃವಿಗೆ ಏನಾಯಿತೆಂಬುದಕ್ಕೆ ಅಂಕಣವಿಲ್ಲ. ಅರ್ಸೇನ್ಯೆವ್ ದಿನಾಂಕವನ್ನು ತಪ್ಪಾಗಿ ಕೊಟ್ಟ, ಆದರೆ ಎರಡನೆಯ ಲೆಕ್ಕವನ್ನು ಬರೆದ. ಮೊದಲನೆಯದನ್ನು ಖಂಡಿಸುವವರು ಎರಡನೆಯದನ್ನೂ ಗಮನಿಸಬೇಕು.

3

ದೆರ್ಸುವಿನ ಪ್ರವೇಶವಾಗುವುದು ಇರುಳಿನಲ್ಲಿ. ಬಿಡಾರದ ಬೆಂಕಿಯ ಆಚೆ ಕಲ್ಲುಗಳು ಉರುಳಿದ ಸದ್ದು ಕೇಳಿ, ಕರಡಿಯಿರಬೇಕೆಂದು ಶಂಕಿಸಿ ಕೋವಿಗೆ ಕೈಹಾಕುತ್ತಾರೆ. ಗುಂಡು ಹಾರಿಸಬೇಡಿ, ತಾನು ಜನ ಎಂಬರ್ಥದ ಕೂಗು ಕತ್ತಲೆಯಿಂದ ಬರುತ್ತದೆ. ಅವನು ಬಳಸುವ ರಷ್ಯನ್ ಪದ ‘ಲ್ಯೂದಿ’. ವ್ಯಾಕರಣದ ದೃಷ್ಟಿಯಿಂದ ಅದು ಬಹುವಚನ: ಜನರು. ಗಡಿಸೀಮೆಯ ವ್ಯಾಪಾರದಲ್ಲಿ ಹುಟ್ಟಿದ ಬೆರಕೆ ರಷ್ಯನ್ ಭಾಷೆಯನ್ನಾಡುವ ದೆರ್ಸುವಿಗೆ ಏಕವಚನಕ್ಕೂ ಅದೇ ಪದ. ಇಷ್ಟೇ ಆಗಿದ್ದರೆ ಅದು ಭಾಷೆ ಬಾರದವನ ತೊಡಕಾಗಿ ನಗೆ ಹುಟ್ಟಿಸಿ ಮರೆಯಾಗುತ್ತಿತ್ತು. ಆದರೆ ದೆರ್ಸು ಆ ಪದವನ್ನು ಮನುಷ್ಯರಿಗೆ ಮಾತ್ರ ಮೀಸಲಿಡುವುದಿಲ್ಲ. ಹಂದಿಯೂ ಜನ, ಹುಲಿಯೂ ಜನ. ಸಿಡಿಯುವ ಕೊಳ್ಳಿಯನ್ನು ಕೆಟ್ಟ ಜನವೆಂದು ಬೈಯುತ್ತಾನೆ. ಕುದಿಯುವಾಗ ಸದ್ದು ಮಾಡುವ ಕೆಟಲ್ಲನ್ನೂ ಬಿಡುವುದಿಲ್ಲ. ಬೆಂಕಿ, ನೀರು, ಗಾಳಿ ಬಲಿಷ್ಠ ಜನ. ಸೂರ್ಯನು ಎಲ್ಲರಿಗಿಂತ ಮುಖ್ಯವಾದ ಜನ.

ಈ ಪ್ರಯೋಗವನ್ನು ಸರ್ವಚೇತನವಾದವೆಂದು ಹೆಸರಿಸಿ ಮುಗಿಸುವುದು ಸುಲಭ. ನಿರೂಪಕನೂ ಮೊದಲಿಗೆ ಅದನ್ನು ಆದಿಮ ನಂಬಿಕೆಯೆಂದೇ ಗುರುತಿಸುತ್ತಾನೆ. ಕನ್ನಡದ ಓದುಗನಿಗೆ ಇದನ್ನು ಬೇರೊಂದು ಬದಿಯಿಂದ, ವ್ಯಾಕರಣದ ಬದಿಯಿಂದ, ನೋಡುವ ಅನುಕೂಲವಿದೆ. ರಷ್ಯನ್ನಿನಲ್ಲಿ ಲಿಂಗವು ಪದದ ರೂಪವನ್ನು ಅನುಸರಿಸುವುದರಿಂದ ಕಲ್ಲು ‘ಅವನು’, ನದಿ ‘ಅವಳು’ ಆಗುವುದು ಅಲ್ಲಿ ವಿಶೇಷವಲ್ಲ. ದೆರ್ಸುವಿನ ಮಾತು ವಿಚಿತ್ರವಾಗಿ ಕೇಳಿಸುವುದು ‘ಲ್ಯೂದಿ’ ಎಂಬ ಒಂದೇ ಪದದಿಂದ. ಕನ್ನಡದಲ್ಲಿ ಲಿಂಗವು ಅರ್ಥವನ್ನು ಅನುಸರಿಸುತ್ತದೆ. ಮನುಷ್ಯ ಬಂದನು, ಹುಲಿ ಬಂದಿತು. ಈ ಗೆರೆ ನಮ್ಮಲ್ಲಿ ಪ್ರತಿಯೊಂದು ಕ್ರಿಯಾಪದದ ತುದಿಯಲ್ಲಿಯೂ ಎಳೆಯಲ್ಪಟ್ಟಿದೆ. ಹಾಗಾಗಿ ದೆರ್ಸುವನ್ನು ಕನ್ನಡದಲ್ಲಿ ಮಾತನಾಡಿಸಬೇಕಾದರೆ ನಾಮಪದವೊಂದನ್ನು ಬದಲಿಸಿದರೆ ಸಾಲದು, ವಾಕ್ಯದ ಕೊನೆಯನ್ನೂ ಬದಲಿಸಬೇಕು: ಬೆಂಕಿ ಸಿಟ್ಟಾದ, ಗಾಳಿ ಮಲಗಿದ, ಹಂದಿ ಹೋದ.

ಸೂರ್ಯ, ಚಂದ್ರರ ವಿಷಯದಲ್ಲಿ ಕನ್ನಡವು ಈಗಾಗಲೇ ದೆರ್ಸುವಿನ ಪಕ್ಷದಲ್ಲಿದೆ. ಅವರು ನಮ್ಮಲ್ಲಿ ಪುಲ್ಲಿಂಗವೇ. ಮಳೆಯನ್ನು ಮಳೆರಾಯನೆಂದೂ ಹುಲಿಯನ್ನು ಹುಲಿರಾಯನೆಂದೂ ನೀರನ್ನು ಗಂಗಮ್ಮನೆಂದೂ ಕರೆಯುವ ಜನಪದರ ನುಡಿಯೂ ಇದೆ. ಮೇಲುನೋಟಕ್ಕೆ ಇವು ದೆರ್ಸುವಿನ ಪ್ರಯೋಗಕ್ಕೆ ಸಂವಾದಿಯೆನಿಸಬಹುದು. ಆದರೆ ವ್ಯತ್ಯಾಸ ಸಣ್ಣದಲ್ಲ. ಮಳೆಗೆ ವ್ಯಕ್ತಿತ್ವ ಬರಬೇಕಾದರೆ ನಾವು ಅದನ್ನು ಅರಸನನ್ನಾಗಿ ಇಲ್ಲವೆ ತಾಯಿಯನ್ನಾಗಿ ಮೇಲಕ್ಕೇರಿಸುತ್ತೇವೆ. ದೆರ್ಸು ಯಾರನ್ನೂ ಏರಿಸುವುದಿಲ್ಲ. ಅವನ ಕಾಡಿನಲ್ಲಿ ಕಾಗೆ, ಕೆಟಲ್ಲು, ಕ್ಯಾಪ್ಟನ್ ಎಲ್ಲರೂ ಒಂದೇ ಪಂಕ್ತಿಯಲ್ಲಿ ಕೂತ ಜನ. ಕರಾವಳಿ ಮಲೆನಾಡುಗಳ ಆಡುಮಾತಿನಲ್ಲಿ ಒಬ್ಬ ವ್ಯಕ್ತಿಯನ್ನೇ ‘ಒಳ್ಳೆ ಜನ’ ಎನ್ನುವ ಬಳಕೆಯುಂಟು. ‘ಲ್ಯೂದಿ’ಯ ಸಮೀಪಕ್ಕೆ ಬರುವ ಕನ್ನಡ ಅದೇ ಇರಬೇಕು.

ಸಂಬೋಧನೆಯ ಪ್ರಶ್ನೆಯೂ ಇದಕ್ಕೆ ಹೊಂದಿಕೊಂಡಿದೆ. ದೆರ್ಸುವಿನ ಬೆರಕೆ ಭಾಷೆಯಲ್ಲಿ ಗೌರವವಾಚಕ ಬಹುವಚನವಿಲ್ಲ; ಕ್ಯಾಪ್ಟನ್‌ನನ್ನು ಅವನು ಏಕವಚನದಲ್ಲಿಯೇ ಮಾತನಾಡಿಸುತ್ತಾನೆ. ಪದವಿಯನ್ನು ಹೆಸರಿನಂತೆ ಕೂಗಿ, ಮಾತು ಮಾತ್ರ ‘ನೀನು’. ಕನ್ನಡದಲ್ಲಿ ಇದು ಅಧಿಕಾರಿಗೆ ತೋರಿದ ಅಗೌರವವಾಗಿ ಕೇಳಿಸುವುದಿಲ್ಲ. ಹಿರಿಯನೊಬ್ಬ ಕಿರಿಯನನ್ನು ಸಹಜವಾಗಿ ಕರೆಯುವ ರೀತಿಯಾಗಿ ಕೇಳಿಸುತ್ತದೆ. ವಯಸ್ಸಿನ ಅಂತರವು ಪದವಿಯ ಅಂತರವನ್ನು ಸದ್ದಿಲ್ಲದೆ ಬದಿಗೆ ಸರಿಸುವುದು ಇಲ್ಲಿಯೇ.

ದೆರ್ಸುವಿನ ‘ಜನ’ ಎಂಬ ಪರಿಕಲ್ಪನೆಗೆ ಆಚರಣೆಯ ರೂಪವೂ ಉಂಟು. ಕಾಡಿನ ಪಾಳು ಗುಡಿಸಲೊಂದರಲ್ಲಿ ತಂಗಿದ ಮೇಲೆ, ಹೊರಡುವ ಮುನ್ನ ಅವನು ಸ್ವಲ್ಪ ಅಕ್ಕಿ, ಉಪ್ಪು, ಬೆಂಕಿಕಡ್ಡಿಗಳನ್ನು ಕಟ್ಟಿ ಅಲ್ಲಿಡುತ್ತಾನೆ. ಮರಳಿ ಬರುವೆಯಾ ಎಂಬುದು ನಿರೂಪಕನ ಪ್ರಶ್ನೆ. ಅವನು ಬರುವುದಿಲ್ಲ, ಬೇರೆ ಯಾರೋ ಬರುತ್ತಾರೆ, ಅವರಿಗೆ ಬೇಕಾಗುತ್ತದೆ. ಮುಖ ಕಾಣದವರ ಹಸಿವಿನ ಬಗೆಗಿನ ಈ ಲೆಕ್ಕಾಚಾರವು ನಿರೂಪಕನಿಗೆ ಹೊಸದು. ಅವನು ಕಲಿತ ನೀತಿಶಾಸ್ತ್ರದಲ್ಲಿ ದಾನವಿದೆ, ದಾನಿಯ ಹೆಸರೂ ಇದೆ.

4

ಕೃತಿಯ ಉತ್ತರಾರ್ಧವು ದೆರ್ಸುವಿನ ಇಳಿಗಾಲ. ಬೇಟೆಯಲ್ಲಿ ಗುರಿ ತಪ್ಪಿದಾಗ ಅವನು ಮೊದಲು ನಂಬುವುದಿಲ್ಲ. ಗುರಿಯೊಂದನ್ನು ನೆಟ್ಟು ಪರೀಕ್ಷಿಸಿದಾಗ ದೃಷ್ಟಿ ಹೋಗುತ್ತಿರುವುದು ಖಚಿತವಾಗುತ್ತದೆ. ಕಾಡಿನಲ್ಲಿ ಒಂಟಿಯಾಗಿ ಬಾಳುವವನಿಗೆ ಇದು ಮರಣದಂಡನೆಯ ಓದು. ಹಿಂದೆ ತಾನು ಅನ್ಯಾಯವಾಗಿ ಕೊಂದ ‘ಅಂಬಾ’, ಎಂದರೆ ಹುಲಿ, ಅವನ ಮನಸ್ಸನ್ನು ಕಾಡುತ್ತದೆ. (ನಾನಾಯ್ ಭಾಷೆಯ ಈ ಪದವು ಕನ್ನಡದ ಕಿವಿಗೆ ಬೇರೆಯೇ ನೆನಪು ತರುವುದು ಆಕಸ್ಮಿಕ.) ನಿರೂಪಕನು ಅವನನ್ನು ಹಬಾರೊವ್‌ಸ್ಕ್‌ನ ತನ್ನ ಮನೆಗೆ ಕರೆದೊಯ್ಯುತ್ತಾನೆ.

ಪಟ್ಟಣದ ಅಧ್ಯಾಯವು ಪುಟಗಳಲ್ಲಿ ಚಿಕ್ಕದು, ಆದರೆ ಇಡೀ ಕೃತಿಯಲ್ಲಿ ಹೆಚ್ಚು ತಲ್ಲಣಗೊಳಿಸುವಂಥದು. ನದಿ ಪಕ್ಕದಲ್ಲೇ ಹರಿಯುವಾಗ ನೀರಿಗೆ ಹಣ ಕೊಡುವುದು, ಸುತ್ತ ಕಾಡಿರುವಾಗ ಸೌದೆಗೆ ಹಣ ಕೊಡುವುದು ಅವನಿಗೆ ಅರ್ಥವಾಗುವುದಿಲ್ಲ. ಕೋವಿ ಹಾರಿಸುವಂತಿಲ್ಲ. ಉದ್ಯಾನದ ಮರ ಕಡಿಯಹೋಗಿ ಪೊಲೀಸರ ಕೈಗೆ ಸಿಗುತ್ತಾನೆ. ಇಲ್ಲಿ ಹನ್ಕಾ ಸರೋವರದ ಪ್ರಸಂಗವು ತಿರುಗುಮುರುಗಾಗಿ ನಿಂತಿರುವುದನ್ನು ಗಮನಿಸಬೇಕು. ಅಲ್ಲಿ ದಿಕ್ಕುಗೆಟ್ಟವನು ಕಿರಿಯ, ಆಸರೆ ಕಟ್ಟಿದವನು ಹಿರಿಯ. ಇಲ್ಲಿ ದಿಕ್ಕುಗೆಟ್ಟವನು ಹಿರಿಯ. ಆದರೆ ಕಿರಿಯನು ಕಟ್ಟಿಕೊಟ್ಟ ಆಸರೆ, ನಾಲ್ಕು ಗೋಡೆ ಒಂದು ಒಲೆ, ಅವನನ್ನು ಉಳಿಸುವುದಿಲ್ಲ. ಹುಲ್ಲಿನ ರಾಶಿ ಮಾಡಿದ್ದನ್ನು ಮನೆ ಮಾಡಲಾರದು. ಕಿರಿಯನಲ್ಲಿ ಪ್ರೀತಿಗೆ ಕೊರತೆಯಿರಲಿಲ್ಲ. ಪಟ್ಟಣದಲ್ಲಿ ಬದುಕುಳಿಯುವ ವಿದ್ಯೆಯನ್ನು ಇನ್ನೊಬ್ಬರಿಗೆ ಹೊದಿಸಲು ಬರುವುದಿಲ್ಲ, ಅಷ್ಟೆ. ಕೊನೆಗೆ ದೆರ್ಸು ಕಾಡಿನ ದಾರಿ ಹಿಡಿಯುತ್ತಾನೆ. ಹಬಾರೊವ್‌ಸ್ಕ್‌ನಿಂದ ದಕ್ಷಿಣಕ್ಕೆ, ಕೊರ್ಫೊವ್‌ಸ್ಕಯಾ ರೈಲು ನಿಲ್ದಾಣದ ಬಳಿ ಅವನ ಹೆಣ ಸಿಗುತ್ತದೆ. ಮೃಗಗಳಿಂದಲೂ ಹಿಮದಿಂದಲೂ ಸಾಯದವನನ್ನು ದರೋಡೆಕೋರರು ಕೊಂದಿರುತ್ತಾರೆ.

5

ಈ ಕೃತಿ ಎರಡು ಬಾರಿ ತೆರೆಗೆ ಬಂದಿದೆ. 1961ರ ಅಗಾಸಿ ಬಾಬಯಾನ್‌ನ ಸೋವಿಯತ್ ಚಿತ್ರ ಹೊರಗಿನವರಿಗೆ ಹೆಚ್ಚು ಪರಿಚಿತವಲ್ಲ. ಅಕಿರಾ ಕುರೊಸಾವಾನ 1975ರ ಚಿತ್ರವು ದೆರ್ಸುವಿನ ಹೆಸರನ್ನು ಜಗತ್ತಿಗೆ ತಲುಪಿಸಿತು. ಮಾಸ್ಕೋ ಅಂತರರಾಷ್ಟ್ರೀಯ ಚಲನಚಿತ್ರೋತ್ಸವದ ಚಿನ್ನದ ಪ್ರಶಸ್ತಿ ಮತ್ತು ವಿದೇಶಿ ಭಾಷಾಚಿತ್ರಕ್ಕೆ ಮೀಸಲಾದ ಆಸ್ಕರ್ ಎರಡೂ ಇದಕ್ಕೆ ದೊರೆತವು. ಕುರೊಸಾವಾ ಈ ಗ್ರಂಥವನ್ನು ಯೌವನದಲ್ಲಿಯೇ ಓದಿದ್ದ. ಕಥೆಯನ್ನು ಜಪಾನಿನ ಹೊಕ್ಕೈಡೊ ದ್ವೀಪಕ್ಕೆ ಒಗ್ಗಿಸಿ ಚಿತ್ರಿಸುವ ಯೋಚನೆಯನ್ನು ಮಾಡಿ ಕೈಬಿಟ್ಟಿದ್ದ. 1970ರಲ್ಲಿ ಅವನ ಚಿತ್ರವೊಂದು ಸೋತಿತು. 1971ರ ಡಿಸೆಂಬರ್‌ನಲ್ಲಿ ಅವನು ಆತ್ಮಹತ್ಯೆಗೆ ಯತ್ನಿಸಿ ಬದುಕುಳಿದ. ಅನಂತರ ಬಂದ ಮಾಸ್‌ಫಿಲ್ಮ್‌ನ ಆಹ್ವಾನದ ಮೇರೆಗೆ ತನ್ನದಲ್ಲದ ಭಾಷೆಯಲ್ಲಿ, ತನ್ನದಲ್ಲದ ನೆಲದಲ್ಲಿ ಮಾಡಿದ ಚಿತ್ರವಿದು. ತುವಾ ಪ್ರದೇಶದ ರಂಗನಟ ಮಕ್ಸೀಂ ಮುಂಜುಕ್ ದೆರ್ಸುವಾಗಿಯೂ ಯೂರಿ ಸೊಲೋಮಿನ್ ಕ್ಯಾಪ್ಟನ್ ಆಗಿಯೂ ನಟಿಸಿದರು. ಕಣ್ಣು ಮಂದವಾಗಿ ತನ್ನ ಕಾಡಿಗೆ ಬೇಡವಾದ ಬೇಟೆಗಾರನ ಕಥೆಯನ್ನು, ಚಿತ್ರರಂಗವು ಬದಿಗೊತ್ತಿದ ಅರವತ್ತರ ಆಸುಪಾಸಿನ ನಿರ್ದೇಶಕನೊಬ್ಬ ಆರಿಸಿಕೊಂಡದ್ದರ ಬಗೆಗೆ ಹೆಚ್ಚು ವಿವರಣೆ ಬೇಕಾಗಿಲ್ಲ.

ಚಿತ್ರದ ಹನ್ಕಾ ದೃಶ್ಯದಲ್ಲಿ ಗ್ರಂಥವನ್ನು ಮೀರಿದ ಒಂದು ವಿವರವಿದೆ. ಹುಲ್ಲಿನ ಆಸರೆಗೆ ಒಳಗೊಂದು ಹಂದರ ಬೇಕು. ಅದಕ್ಕಾಗಿ ದೆರ್ಸು ಬಳಸುವುದು ಕ್ಯಾಪ್ಟನ್‌ನ ಥಿಯೊಡೊಲೈಟಿನ ಮುಕ್ಕಾಲಿಯನ್ನು. ಭೂಮಿಯನ್ನು ಅಳೆಯಲು ತಂದ ಉಪಕರಣದ ಕಾಲುಗಳ ಸುತ್ತ ಹುಲ್ಲು ಹೊದಿಸಿ, ಅಳೆಯಬಂದವನನ್ನು ಅದರೊಳಗೆ ಮಲಗಿಸಲಾಗುತ್ತದೆ. ಯಾವ ಪಾತ್ರವೂ ಇದನ್ನು ಎತ್ತಿ ಹೇಳುವುದಿಲ್ಲ. ಚಿತ್ರವು ಮಾತನ್ನು ಬಹುಪಾಲು ತೊರೆದು, ಇಳಿಯುತ್ತಿರುವ ಸೂರ್ಯ, ಬಾಗಿ ಕೊಯ್ಯುವ ಎರಡು ಆಕೃತಿಗಳು, ಗಾಳಿಯ ಸದ್ದು ಇಷ್ಟರಲ್ಲೇ ದೃಶ್ಯವನ್ನು ದೀರ್ಘವಾಗಿ ನಡೆಸುತ್ತದೆ. ದಿನಚರಿಯಲ್ಲಿ ಇಲ್ಲದ, ಗ್ರಂಥದಲ್ಲಿ ರಚಿತವಾದ ಇರುಳು ತೆರೆಯ ಮೇಲೆ ನಿರಾಕರಿಸಲಾಗದಷ್ಟು ಮೂರ್ತವಾಗಿದೆ.

ಇನ್ನೊಂದು ವಿವರ ಹೆಚ್ಚು ಕಠೋರವಾದದ್ದು. ಪಟ್ಟಣ ಬಿಟ್ಟು ಹೊರಟ ದೆರ್ಸುವಿಗೆ ಚಿತ್ರದ ಕ್ಯಾಪ್ಟನ್ ಹೊಸ ಮಾದರಿಯ ಕೋವಿಯೊಂದನ್ನು ಉಡುಗೊರೆಯಾಗಿ ಕೊಡುತ್ತಾನೆ. ಮಂದದೃಷ್ಟಿಯವನಿಗೂ ಗುರಿ ಸಿಗಲೆಂಬ ಆಸೆಯಿಂದ. ಆ ಕೋವಿಗಾಗಿಯೇ ಅವನು ಕೊಲೆಯಾದನೆಂಬ ಸೂಚನೆ ಕೊನೆಯಲ್ಲಿ ಬರುತ್ತದೆ. ಋಣ ತೀರಿಸಲು ಕೊಟ್ಟದ್ದೇ ಪ್ರಾಣಕ್ಕೆರವಾಗುತ್ತದೆ. ಗ್ರಂಥದಲ್ಲಿ ಹರಡಿಕೊಂಡಿರುವ ಅಪರಾಧಪ್ರಜ್ಞೆಯನ್ನು ಕುರೊಸಾವಾ ಒಂದು ವಸ್ತುವಿನಲ್ಲಿ ಸಾಂದ್ರಗೊಳಿಸಿದ್ದಾನೆ. ಇಷ್ಟಾದರೂ ಚಿತ್ರದ ಕ್ಯಾಪ್ಟನ್ ಗ್ರಂಥದ ನಿರೂಪಕನಿಗಿಂತ ತೆಳುವಾದವನು. ಗ್ರಂಥದಲ್ಲಿ ಅವನು ಗಿಡಮರಗಳ ಹೆಸರು, ನದಿಯ ಅಗಲ, ವಾಯುಭಾರಗಳನ್ನು ಪುಟಗಟ್ಟಲೆ ದಾಖಲಿಸುತ್ತಾನೆ. ಆ ಒಣ ವಿವರಗಳ ನಡುವೆ ಬರುವುದರಿಂದಲೇ ದೆರ್ಸುವಿನ ಮಾತುಗಳಿಗೆ ತೂಕ ಬಂದಿರುವುದು. ಚಿತ್ರವು ಆ ದಾಖಲೆಯ ಭಾರವನ್ನು ಕಳಚಿಕೊಂಡಿದೆ. ಅದರೊಂದಿಗೆ ಕ್ಯಾಪ್ಟನ್ ಬರಿಯ ಸಜ್ಜನನಾಗಿ ಉಳಿದಿದ್ದಾನೆ, ಪ್ರಭುತ್ವದ ಕಣ್ಣಾಗಿ ಕಾಡಿಗೆ ಬಂದವನೆಂಬುದು ಮಸುಕಾಗಿದೆ.

6

ಮೋಜಣಿಯ ಉದ್ದೇಶ ತಿಳಿಯದ್ದೇನಲ್ಲ. ನಕ್ಷೆಯ ಹಿಂದೆ ರಸ್ತೆ, ರಸ್ತೆಯ ಹಿಂದೆ ರೈಲು, ರೈಲಿನ ಹಿಂದೆ ವಸತಿ. ದೆರ್ಸುವನ್ನು ನಿಲ್ದಾಣದ ಹತ್ತಿರ, ಎರಡು ದೊಡ್ಡ ಕೇದ್ರ್ ಮರಗಳ ಪಕ್ಕದಲ್ಲಿ ಹೂಳಲಾಯಿತೆಂದೂ ಆ ಮರಗಳನ್ನು ಗುರುತಿಗೆ ಇಟ್ಟುಕೊಂಡೆನೆಂದೂ ನಿರೂಪಕನು ಹೇಳುತ್ತಾನೆ. ಕೇದ್ರ್ ಎಂದರೆ ಅಲ್ಲಿನ ಪೈನ್ ಜಾತಿಯ ಒಂದು ಹೆಮ್ಮರ. 1910ರಲ್ಲಿ ಅವನು ಮರಳಿ ಬಂದಾಗ ನಿಲ್ದಾಣದ ಸುತ್ತ ಹೊಸ ಊರೆದ್ದಿದೆ, ಬೆಟ್ಟದ ತಪ್ಪಲಲ್ಲಿ ಗ್ರಾನೈಟ್ ಗಣಿಗಾರಿಕೆ ನಡೆದಿದೆ, ಹಳಿಯ ದಿಮ್ಮಿಗಳಿಗಾಗಿ ಕಾಡು ಕಡಿಯಲಾಗುತ್ತಿದೆ. ಗುರುತಿನ ಮರಗಳೇ ಇಲ್ಲ. ಗ್ರಂಥವು ಇಲ್ಲಿ ಮುಗಿಯುತ್ತದೆ. ಕುರೊಸಾವಾ ತನ್ನ ಚಿತ್ರವನ್ನು ಇಲ್ಲಿಂದಲೇ ಆರಂಭಿಸುತ್ತಾನೆ. ಸೀಮೆಯ ಪ್ರತಿಯೊಂದು ತೊರೆಯ ತಿರುವನ್ನೂ ಗುರುತಿಸಬಲ್ಲ ಮೋಜಣಿದಾರನಿಗೆ ಒಂದು ಗೋರಿಯ ಜಾಗ ಗುರುತು ಸಿಗಲಿಲ್ಲ.

ಗ್ರಂಥದ ಊರು, ನದಿಗಳ ಹೆಸರುಗಳಿಗೂ ಮುಂದೆ ಇದೇ ಗತಿಯಾಯಿತು. ಅವುಗಳಲ್ಲಿ ಬಹುಪಾಲು ಚೀನೀ ಮೂಲದವು, ಕೆಲವು ಸ್ಥಳೀಯ ಬುಡಕಟ್ಟುಗಳ ಭಾಷೆಯವು. 1969ರಲ್ಲಿ ಉಸ್ಸೂರಿ ನದಿಯ ದ್ವೀಪವೊಂದರಲ್ಲಿ ಸೋವಿಯತ್ ಮತ್ತು ಚೀನೀ ಪಡೆಗಳ ನಡುವೆ ಕದನ ನಡೆಯಿತು. 1972ರಲ್ಲಿ ಆ ಪ್ರಾಂತದ ಇಂಥ ಹೆಸರುಗಳನ್ನು ಸಾಮೂಹಿಕವಾಗಿ ಬದಲಿಸಲಾಯಿತು. ಹನ್ಕಾ ಸರೋವರಕ್ಕೆ ಇಬ್ಬರನ್ನೂ ಕರೆತಂದ ಲೆಫೂ ನದಿ ಈಗ ಇಲಿಸ್ತಯಾ, ಎಂದರೆ ಕೆಸರಿನದು. ದಿನಚರಿಯ ಪ್ರಕಾರ ಮೊದಲ ಭೇಟಿ ನಡೆದ ಸೀಮೆಯ ತಾದುಶಿ ಈಗ ಜೆರ್ಕಾಲ್ನಯಾ, ಎಂದರೆ ಕನ್ನಡಿಯಂಥದು. ಮೋಜಣಿದಾರನ ಹೆಸರನ್ನು ಆ ಪ್ರಾಂತದ ಪಟ್ಟಣವೊಂದಕ್ಕೆ 1952ರಲ್ಲಿಯೇ ಇಡಲಾಗಿತ್ತು. ಅರ್ಸೇನ್ಯೆವ್ ಎಂಬ ಆ ಪಟ್ಟಣ ಇಂದಿಗೂ ನಕ್ಷೆಯಲ್ಲಿದೆ. ‘ದೆರ್ಸು ಉಜಾಲಾ’ವನ್ನು ಇಂದು ಓದುವವನು ಅದರ ದಾರಿಯನ್ನು ನಕ್ಷೆಯ ಮೇಲೆ ಅನುಸರಿಸಬೇಕೆಂದರೆ ಹಳೆಯ ಮತ್ತು ಹೊಸ ಹೆಸರುಗಳ ಪಟ್ಟಿಯೊಂದನ್ನು ಪಕ್ಕದಲ್ಲಿಟ್ಟುಕೊಳ್ಳಬೇಕಾಗುತ್ತದೆ.